ಫಾಲೌಟ್ ಆಟಗಳೂ ಮಾತಿನ ಸ್ವಾತಂತ್ರ್ಯವೂ

ನಾವು ಮೆಚ್ಚಿದ ಲೇಖಕನ ಹೊಸ ಕಾದಂಬರಿ ನಿರಾಶೆಯನ್ನುಂಟುಮಾಡಿದರೆ ಅದನ್ನು ಕುರಿತು ಆಡಲು ನಮ್ಮಲ್ಲಿ ಬೇಕಾದಷ್ಟು ಮಾತುಗಳಿವೆ. ಪಾತ್ರ ಸಡಿಲವಾಯಿತು, ಕಥೆಯ ಬಂಧ ಕೆಟ್ಟಿತು, ಶೈಲಿ ಸೊರಗಿತು ಎಂದು ಒಂದೊಂದೇ ಕಾರಣವನ್ನು ಎತ್ತಿ ತೋರಿಸುತ್ತೇವೆ. ಆದರೆ ಕಂಪ್ಯೂಟರ್ ಆಟವೊಂದು ಹೀಗೆ ನಿರಾಶೆಗೊಳಿಸಿದಾಗ ಮಾತ್ರ "ಚೆನ್ನಾಗಿಲ್ಲ" ಎಂಬ ಒಂದೇ ಪದದಲ್ಲಿ ವಿಷಯವನ್ನು ಮುಗಿಸಿಬಿಡುತ್ತೇವೆ. ಆಟವೆಂದರೆ ಕಾಲಹರಣ, ಕಾಲಹರಣಕ್ಕೆ ವಿಮರ್ಶೆ ಏತಕ್ಕೆ ಎಂಬ ಭಾವನೆ ಇದಕ್ಕೆ ಕಾರಣವಿರಬಹುದು. ಅಂಥ ಒಂದು ನಿರಾಶೆಯ ಕಾರಣವನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ಆಟದ ಹೆಸರು 'ಫಾಲೌಟ್ ೪'. ಅದು ಹೊರಬಂದದ್ದು ೨೦೧೫ರ ನವೆಂಬರ್ ೧೦ರಂದು. ಅದಕ್ಕೆ ಹಿಂದಿನ ಫಾಲೌಟ್ ಆಟಗಳನ್ನು ಬಹು ಪ್ರೀತಿಯಿಂದ ಆಡಿದ ನನಗೆ ಇದು ಏಕೆ ರುಚಿಸಲಿಲ್ಲ? ಈ ಆಟಗಳ ಗಂಧವೇ ಇಲ್ಲದ ಸಹಪಾಠಿಗಳಿಗೂ ಅಧ್ಯಾಪಕರಿಗೂ ವಿಷಯ ತಿಳಿಯಬೇಕಾದುದರಿಂದ ಮೊದಲಿನಿಂದಲೇ ಆರಂಭಿಸುವುದು ಒಳಿತು.

ಇಂಗ್ಲಿಷಿನಲ್ಲಿ 'ರೋಲ್ ಪ್ಲೇಯಿಂಗ್ ಗೇಮ್' ಎಂದು ಕರೆಯುವುದನ್ನು ನಾವು ಪಾತ್ರಧಾರಣೆಯ ಆಟ ಎನ್ನೋಣ. ೧೯೭೪ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟವನ್ನು ಪ್ರಕಟಿಸಿದರು. ಅದಕ್ಕೆ ಕಂಪ್ಯೂಟರಿನ ಗೊಡವೆಯೇ ಇರಲಿಲ್ಲ. ನಾಲ್ಕೈದು ಜನ ಮೇಜಿನ ಸುತ್ತ ಕೂಡುವರು. ಒಬ್ಬ ಸೂತ್ರಧಾರ, ಅವನು ಊರನ್ನೂ ಕಾಡನ್ನೂ ಶತ್ರುವನ್ನೂ ಬಣ್ಣಿಸುವನು. ಉಳಿದವರಲ್ಲಿ ಒಬ್ಬೊಬ್ಬನದು ಒಂದೊಂದು ಪಾತ್ರ. "ಈಗ ನೀನೇನು ಮಾಡುವೆ?" ಎಂದು ಸೂತ್ರಧಾರ ಕೇಳಿದರೆ ಪಾತ್ರಧಾರಿ ತನ್ನ ಪಾತ್ರಕ್ಕೆ ತಕ್ಕ ಉತ್ತರವನ್ನು ಹೇಳುವನು, ಸಂಶಯವಿದ್ದಲ್ಲಿ ದಾಳ ಉರುಳಿಸಿ ತೀರ್ಮಾನಿಸುವರು.

ತಾಳಮದ್ದಲೆಯನ್ನು ಕೇಳಿ ಬಲ್ಲವರಿಗೆ ಇದರ ಸ್ವಾರಸ್ಯ ಬೇಗ ತಿಳಿದೀತು. ಅಲ್ಲಿ ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಭಾಗವತರು ಹಾಡುವ ಪದ್ಯವೂ ನಿಶ್ಚಿತವಾದುದೇ. ಆದರೆ ಅರ್ಥಧಾರಿ ಆಡುವ ಮಾತು ಅವನ ಸ್ವಂತದ್ದು. ಎದುರಿಗಿರುವವನು ಆ ಮಾತನ್ನು ಕೇಳಿಸಿಕೊಂಡು, ಅದಕ್ಕೇ ಉತ್ತರ ಕೊಡಬೇಕು. ಕೇಳಿಸಿಕೊಳ್ಳದೆ ತಾನು ಮನೆಯಿಂದ ಕಟ್ಟಿಕೊಂಡು ಬಂದ ಮಾತನ್ನೇ ಒಪ್ಪಿಸಿದರೆ ಸಭೆಗೆ ಒಡನೆಯೇ ತಿಳಿದುಹೋಗುತ್ತದೆ, ರಸ ಕೆಡುತ್ತದೆ. ಪಾತ್ರಧಾರಣೆಯ ಆಟದ ಜೀವವೂ ಇದೇ. ನಾನು ಯಾರೆಂಬುದನ್ನು ನಾನು ಆರಿಸಿಕೊಳ್ಳಬೇಕು. ಆಟದ ಲೋಕ ನನ್ನನ್ನು ಕೇಳಿಸಿಕೊಂಡು ಉತ್ತರ ಕೊಡಬೇಕು.

ಮೇಜಿನ ಬಳಿಯ ಸೂತ್ರಧಾರ ಮನುಷ್ಯನಾದ್ದರಿಂದ ಯಾವ ಮಾತಿಗಾದರೂ ಅಲ್ಲಿಯೇ ಉತ್ತರ ಹೊಸೆಯಬಲ್ಲ. ಕಂಪ್ಯೂಟರ್ ಆಟದಲ್ಲಿ ಅದು ಹಾಗಾಗುವುದಿಲ್ಲ. ಆಟಗಾರ ಮುಂದೆ ಏನು ಹೇಳಬಯಸಿಯಾನು ಎಂಬುದನ್ನು ಲೇಖಕರು ಮೊದಲೇ ಊಹಿಸಿ, ಪ್ರತಿಯೊಂದಕ್ಕೂ ಉತ್ತರವನ್ನು ಬರೆದಿಟ್ಟಿರಬೇಕು. ಮೂರ್ಖನಾದರೆ ಏನೆಂದಾನು, ವೈದ್ಯನಾದರೆ ಏನೆಂದಾನು, ಪುಕ್ಕಲನಾದರೆ, ಠಕ್ಕನಾದರೆ? ಹೀಗೆ ಎಷ್ಟು ಬಗೆಯ ಜನರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದಾರೆ ಎಂಬುದೇ ಇಂಥ ಆಟಕ್ಕೆ ತಕ್ಕ ಅಳತೆಗೋಲು ಎಂದು ನನ್ನ ಅಭಿಪ್ರಾಯ. ಚಿತ್ರದ ಸೊಗಸು, ಭೂಪಟದ ವಿಸ್ತಾರ, ಆಯುಧಗಳ ಸಂಖ್ಯೆ ಇವೆಲ್ಲ ಆ ಮೇಲಿನವು.

ಮೊದಲನೆಯ ಫಾಲೌಟ್ ೧೯೯೭ರಲ್ಲಿ ಅಮೆರಿಕದ ಇಂಟರ್‌ಪ್ಲೇ ಸಂಸ್ಥೆಯಿಂದ ಪ್ರಕಟವಾಯಿತು. ಅದರ ಕೆಲಸವನ್ನು ಮೊದಲು ಮಾಡಿ ನಡೆಸಿದವರು ಟಿಮ್ ಕೇನ್. ಕಥೆ ನಡೆಯುವುದು ೨೧೬೧ರಲ್ಲಿ. ೨೦೭೭ರ ಅಣುಯುದ್ಧದಲ್ಲಿ ಲೋಕ ಸುಟ್ಟುಹೋಗಿದೆ. ಕೆಲವರು ಮಾತ್ರ 'ವಾಲ್ಟ್' ಎಂಬ ಭಾರಿ ನೆಲಮಾಳಿಗೆಗಳಲ್ಲಿ ತಲೆಮಾರುಗಳಿಂದ ಬದುಕಿಕೊಂಡಿದ್ದಾರೆ. ಹದಿಮೂರನೆಯ ವಾಲ್ಟಿನಲ್ಲಿ ಕುಡಿಯುವ ನೀರನ್ನು ಶುದ್ಧಿಮಾಡುವ ಯಂತ್ರದ ಒಂದು ಭಾಗ ಕೆಟ್ಟಿದೆ. ಹೊರಗೆ ಹೋಗಿ ಅಂಥದೇ ಭಾಗವನ್ನು ಹುಡುಕಿ ತರುವ ಕೆಲಸ ಆಟಗಾರನದು. ಅವಧಿ ೧೫೦ ದಿನ. ದಕ್ಷಿಣ ಕ್ಯಾಲಿಫೋರ್ನಿಯದ ಮರುಭೂಮಿಯಲ್ಲಿ ಹಳ್ಳಿ, ಸಂತೆಯೂರು, ಪಾಳುನಗರಗಳನ್ನು ದಾಟುತ್ತ ಅವನು ಅಲೆಯಬೇಕು.

ಹೊರಡುವ ಮೊದಲು ಆಟಗಾರ ತಾನು ಎಂಥವನೆಂದು ನಿಶ್ಚಯಿಸಬೇಕು. ಬಲ, ಗ್ರಹಣಶಕ್ತಿ, ಸಹನಶಕ್ತಿ, ವರ್ಚಸ್ಸು, ಬುದ್ಧಿ, ಚುರುಕು, ಅದೃಷ್ಟ ಎಂಬ ಏಳು ಗುಣಗಳಿಗೆ ಒಂದರಿಂದ ಹತ್ತರವರೆಗೆ ಅಂಕಗಳನ್ನು ಹಂಚಬೇಕು. ಹಂಚಲು ಇರುವ ಅಂಕ ಸ್ವಲ್ಪವೇ. ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕು. ಇವಲ್ಲದೆ ಬಂದೂಕು, ವೈದ್ಯ, ಬೀಗ ತೆರೆಯುವುದು, ವಾಕ್ಚಾತುರ್ಯ, ವ್ಯಾಪಾರ ಮುಂತಾದ ೧೮ ಕೌಶಲಗಳುಂಟು. ಈ ಅಂಕಗಳು ಬರಿಯ ಹೊಡೆದಾಟಕ್ಕೆ ಉಪಯೋಗಿಸುವಂಥವಲ್ಲ. ಬುದ್ಧಿಯ ಅಂಕವನ್ನು ಮೂರಕ್ಕೋ ಎರಡಕ್ಕೋ ಇಳಿಸಿ ಆಡಿ ನೋಡಿ: ನಿಮ್ಮ ನಾಯಕನ ಬಾಯಿಂದ ತೊದಲು ಹೊರತು ಒಂದು ನೆಟ್ಟಗಿನ ವಾಕ್ಯ ಹೊರಡದು. ಊರಿನವರು ಕೆಲವರು ಮರುಗುತ್ತಾರೆ, ಕೆಲವರು ಅಟ್ಟಿಬಿಡುತ್ತಾರೆ. ಅವನನ್ನು ನಂಬಿ ಕೆಲಸ ಒಪ್ಪಿಸುವವರೇ ಕಡಮೆ. ೧೯೯೮ರ ಎರಡನೆಯ ಫಾಲೌಟಿನಲ್ಲಿ ಇದಕ್ಕೊಂದು ಹಾಸ್ಯದ ಕೊಸರೂ ಇದೆ. ಕ್ಲಾಮತ್ ಎಂಬ ಊರಿನಲ್ಲಿ ಟಾರ್ ಎಂಬ ಮಂದಬುದ್ಧಿಯ ದನಗಾಹಿಯುಂಟು. ಬುದ್ಧಿವಂತ ನಾಯಕನಿಗೆ ಅವನ ಮಾತು ಬರಿಯ ತೊದಲಾಗಿ ಕೇಳಿಸುತ್ತದೆ. ಪೆದ್ದ ನಾಯಕ ಹೋದರೆ ಇಬ್ಬರೂ ಪಂಡಿತರಂತೆ ಗಂಭೀರವಾದ ಭಾಷೆಯಲ್ಲಿ ಸಂಭಾಷಿಸುತ್ತಾರೆ! ಸಾವಿರ ಜನ ಆಟಗಾರರಲ್ಲಿ ಎಷ್ಟು ಮಂದಿ ಪೆದ್ದನ ಪಾತ್ರ ವಹಿಸಿಯಾರು? ಆದರೂ ಆ ಕೆಲವರಿಗಾಗಿ ಯಾರೋ ಕುಳಿತು ಬರೆದಿದ್ದಾರೆ. ಆಟ ಕೇಳಿಸಿಕೊಳ್ಳುವುದೆಂದರೆ ಇದು.

ಮೊದಲನೆಯ ಆಟದ ಕೊನೆಯನ್ನು ನಾನು ಮರೆಯಲಾರೆ. ಅಲ್ಲಿಯ ಖಳನಿಗೆ 'ಮಾಸ್ಟರ್' ಎಂದು ಹೆಸರು. ಮನುಷ್ಯರನ್ನೆಲ್ಲ ಒಂದು ವಿಷಾಣುವಿನಲ್ಲಿ ಅದ್ದಿ ದೈತ್ಯರನ್ನಾಗಿ ಮಾಡಿದರೆ ಭೇದಗಳಳಿದು ಯುದ್ಧಗಳೇ ಇಲ್ಲವಾಗುತ್ತವೆ ಎಂಬುದು ಅವನ ಹಂಚಿಕೆ. ಕ್ರೂರಿಯೇ ಹೌದು, ಆದರೆ ತನ್ನ ತತ್ತ್ವವನ್ನು ಮನಸಾರ ನಂಬಿದವನು. ಅವನನ್ನು ಕಾದಾಡಿ ಕೊಲ್ಲಬಹುದು. ಅವನ ನೆಲೆಯ ಅಡಿಯಲ್ಲಿರುವ ಬಾಂಬನ್ನು ಸಿಡಿಸಬಹುದು. ಇವೆರಡೂ ಅಲ್ಲದೆ, ಮಾತನಾಡಿಯೂ ಗೆಲ್ಲಬಹುದು. ದೈತ್ಯರಿಗೆ ಸಂತಾನವಾಗುವುದಿಲ್ಲ ಎಂಬುದಕ್ಕೆ ಆಟಗಾರ ಮೊದಲೇ ಬೇರೆ ಕಡೆ ಸಾಕ್ಷ್ಯವನ್ನು ಸಂಪಾದಿಸಿಕೊಂಡಿದ್ದು, ಅದನ್ನು ಹೇಳುವ ಚಾತುರ್ಯವೂ ಅವನಲ್ಲಿದ್ದರೆ, ಮಾಸ್ಟರ್ ಆ ಸಾಕ್ಷ್ಯವನ್ನು ಪರಿಶೀಲಿಸುತ್ತಾನೆ. ತನ್ನ ಜೀವಮಾನದ ಕೆಲಸವೆಲ್ಲ ಒಂದೇ ತಲೆಮಾರಿಗೆ ಮುಗಿಯುವುದೆಂದು ಅರಿತು ತನ್ನ ನೆಲೆಯ ಸಮೇತ ತಾನೇ ನಾಶವಾಗುತ್ತಾನೆ. ಒಂದು ಗುಂಡನ್ನೂ ಹಾರಿಸದೆ, ಸತ್ಯವನ್ನು ಹುಡುಕಿ ತಂದು ಎದುರಿಗಿಟ್ಟು ಶತ್ರುವನ್ನು ಗೆಲ್ಲಲು ಬಿಡುವ ಆಟವನ್ನು ಬರಿಯ ಕಾಲಹರಣವೆನ್ನಲು ನನಗೆ ಮನಸ್ಸು ಬಾರದು.

ಮುಂದೆ ಇಂಟರ್‌ಪ್ಲೇ ಹಣದ ಮುಗ್ಗಟ್ಟಿಗೆ ಸಿಕ್ಕಿತು. ತಯಾರಾಗುತ್ತಿದ್ದ ಮೂರನೆಯ ಫಾಲೌಟ್ ೨೦೦೩ರಲ್ಲಿ ನಿಂತುಹೋಯಿತು. ಬೆಥೆಸ್ಡಾ ಎಂಬ ಮತ್ತೊಂದು ಸಂಸ್ಥೆ ಮೊದಲು ಆಟ ಮಾಡುವ ಅನುಮತಿಯನ್ನು ಪಡೆದು, ೨೦೦೭ರಲ್ಲಿ ೫೭.೫ ಲಕ್ಷ ಡಾಲರಿಗೆ ಪೂರ್ಣ ಹಕ್ಕನ್ನೇ ಕೊಂಡಿತು. ಅದು ೨೦೦೮ರಲ್ಲಿ ಪ್ರಕಟಿಸಿದ ಫಾಲೌಟ್ ೩ರಲ್ಲಿ ಮೇಲಿನಿಂದ ನೋಡುವ ಹಳೆಯ ಕ್ರಮ ಹೋಗಿ, ಪಾತ್ರದ ಕಣ್ಣಿನಿಂದಲೇ ಲೋಕವನ್ನು ನೋಡುವ ಕ್ರಮ ಬಂದಿತು. ಕೌಶಲಗಳು ೧೮ರಿಂದ ೧೩ಕ್ಕೆ ಇಳಿದವು. ಎರಡು ವರ್ಷಗಳ ಬಳಿಕ, ೨೦೧೦ರಲ್ಲಿ, ಅದೇ ಚೌಕಟ್ಟನ್ನು ಇಟ್ಟುಕೊಂಡು ಅಬ್ಸಿಡಿಯನ್ ಎಂಬ ಸಂಸ್ಥೆ 'ಫಾಲೌಟ್: ನ್ಯೂ ವೇಗಸ್' ಎಂಬ ಆಟವನ್ನು ರಚಿಸಿತು. ಹಳೆಯ ಫಾಲೌಟಿನಲ್ಲಿ ದುಡಿದಿದ್ದ ಕೆಲವರು ಅಲ್ಲಿದ್ದರು. ಅದು ಹೊರಬಂದಾಗ ಲೋಪದೋಷಗಳು ಹೇರಳವಾಗಿದ್ದವು. ಆದರೂ ಅದರ ಮಾತಿನ ಸಂಪತ್ತು ದೊಡ್ಡದು.

ಇಲ್ಲಿಂದ ಮುಂದೆ ಎರಡು ಆಟಗಳ ಮೊದಲ ಒಂದೆರಡು ಗಂಟೆಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ನನ್ನ ಅಭಿಪ್ರಾಯ ಸ್ಪಷ್ಟವಾದೀತು. ಎರಡರಲ್ಲಿಯೂ ಸಂದರ್ಭ ಒಂದೇ: ಬಡಪಾಯಿಗಳಾದ ಕೆಲವರ ಮೇಲೆ ದುಷ್ಟರ ಗುಂಪೊಂದು ಏರಿಬಂದಿದೆ, ಆಟಗಾರ ಅಲ್ಲಿಗೆ ಹೊಸಬ.

ನ್ಯೂ ವೇಗಸ್‌ನಲ್ಲಿ ಆ ಜಾಗ ಗುಡ್‌ಸ್ಪ್ರಿಂಗ್ಸ್ ಎಂಬ ಸಣ್ಣ ಊರು. ರಿಂಗೋ ಎಂಬ ವ್ಯಾಪಾರಿ ಅಲ್ಲಿ ಅಡಗಿದ್ದಾನೆ. ಸೆರೆಮನೆಯಿಂದ ತಪ್ಪಿಸಿಕೊಂಡ ಕೈದಿಗಳ ಗುಂಪು ಅವನನ್ನು ಒಪ್ಪಿಸಿರೆಂದು ಬೆದರಿಸುತ್ತಿದೆ. ಊರಿನವರನ್ನು ಸೇರಿ ಕೈದಿಗಳನ್ನು ಎದುರಿಸಬಹುದು. ಕೈದಿಗಳನ್ನು ಸೇರಿ ಊರನ್ನು ಹಿಡಿಯಲೂಬಹುದು. ಇದು ನನಗೆ ಸೇರಿದ್ದಲ್ಲವೆಂದು ಸುಮ್ಮನೆ ದಾರಿ ಹಿಡಿಯಲೂಬಹುದು. ಊರಿನ ಪರವಾಗಿ ನಿಂತರೆ ಮನೆಮನೆಗೆ ಹೋಗಿ ನೆರವು ಕೇಳಬೇಕು. ವ್ಯಾಪಾರದ ಮರ್ಮ ಬಲ್ಲವನಾದರೆ ಅಂಗಡಿಯವನು ಒಪ್ಪಿ ಸಾಮಾನು ಕೊಡುತ್ತಾನೆ. ಸ್ಫೋಟಕಗಳ ಜ್ಞಾನವಿದ್ದರೆ ಮುದುಕ ಪೀಟ್ ತನ್ನ ಡೈನಮೈಟನ್ನು ಹೊರಗೆ ತೆಗೆಯುತ್ತಾನೆ. ವೈದ್ಯ ತಿಳಿದವನಿಗೆ ಊರಿನ ಡಾಕ್ಟರು ಔಷಧಿ ಕೊಡುತ್ತಾರೆ. ಮಾತು ಬಲ್ಲವನಿಗೆ ಪಾನಗೃಹದ ಟ್ರೂಡಿ ಊರಿನ ಜನರನ್ನು ಕೂಡಿಸುತ್ತಾಳೆ. ಬೇಕಾದ ಕೌಶಲ ಎಷ್ಟು, ನಿಮ್ಮಲ್ಲಿರುವುದೆಷ್ಟು ಎಂಬುದು ಮಾತಿನ ಪಕ್ಕದಲ್ಲಿಯೇ ಅಂಕಿಯಲ್ಲಿ ಕಾಣುತ್ತದೆ. ಸಾಲದಿದ್ದರೆ ನಿಮ್ಮ ನಾಯಕ ಆಡುವ ಪೆಚ್ಚು ಮಾತೂ ಅಲ್ಲಿಯೇ ಇರುತ್ತದೆ. ಆಟ ಆರಂಭವಾಗಿ ಒಂದು ಗಂಟೆಯೂ ಆಗಿರುವುದಿಲ್ಲ. ಅಷ್ಟರಲ್ಲಿ ನೀವು ಎಂಥವರೆಂಬುದಕ್ಕೆ ಅರ್ಥ ಬಂದಿರುತ್ತದೆ.

ಫಾಲೌಟ್ ೪ರಲ್ಲಿ ಆ ಜಾಗ ಬಾಸ್ಟನ್ನಿನ ಹೊರವಲಯದ ಕಾಂಕರ್ಡ್. ಕಥೆ ೨೨೮೭ರದು. ಒಂದು ವಸ್ತುಸಂಗ್ರಹಾಲಯದೊಳಗೆ ಪ್ರೆಸ್ಟನ್ ಗಾರ್ವಿ ಎಂಬಾತ ನಾಲ್ಕು ಜನ ನಿರಾಶ್ರಿತರೊಂದಿಗೆ ಸಿಕ್ಕಿಬಿದ್ದಿದ್ದಾನೆ; ಹೊರಗೆ ಕೊಳ್ಳೆಗಾರರು. ಕೊಳ್ಳೆಗಾರರೊಡನೆ ಮಾತನಾಡುವಂತಿಲ್ಲ, ಅವರನ್ನು ಸೇರುವಂತಿಲ್ಲ, ಹಣ ಕೊಟ್ಟೋ ಹೆದರಿಸಿಯೋ ಕಳುಹಿಸುವಂತಿಲ್ಲ. ಮಾಳಿಗೆಯ ಮೇಲೆ ಒಂದು ಯಂತ್ರಕವಚವೂ ದೊಡ್ಡ ಮೆಷಿನ್‌ಗನ್ನೂ ಸಿದ್ಧವಾಗಿವೆ. ಹಾಕಿಕೊಂಡು ಕೆಳಕ್ಕೆ ಹಾರಿ ಎಲ್ಲರನ್ನೂ ಕೊಲ್ಲಬೇಕು. ಕೊನೆಯಲ್ಲಿ 'ಡೆತ್‌ಕ್ಲಾ' ಎಂಬ ಘೋರಮೃಗ ಬರುತ್ತದೆ, ಅದನ್ನೂ ಕೊಲ್ಲಬೇಕು. ದೃಶ್ಯ ಬಹಳ ಭರ್ಜರಿಯಾಗಿದೆ, ಸಂದೇಹವಿಲ್ಲ. ಆದರೆ ಬುದ್ಧಿವಂತನೂ ದಡ್ಡನೂ ವೈದ್ಯನೂ ಠಕ್ಕನೂ ಅಲ್ಲಿ ಮಾಡುವ ಕೆಲಸ ಒಂದೇ. ಬೇಡವೆಂದು ಬಿಟ್ಟು ಹೋಗುವುದೊಂದೇ ಉಳಿದ ದಾರಿ. ಆ ಜನ ಅಲ್ಲಿಯೇ ನಿಮ್ಮನ್ನು ಕಾಯುತ್ತ ಕೂತಿರುತ್ತಾರೆ.

ಇನ್ನು ಮಾತಿನ ವಿಚಾರ. ಹಳೆಯ ಆಟಗಳಲ್ಲಿ ನಾಯಕ ಆಡಬಹುದಾದ ಮಾತುಗಳು ಪೂರ್ಣ ವಾಕ್ಯಗಳಾಗಿ ಪಟ್ಟಿಯಲ್ಲಿ ಬರುತ್ತಿದ್ದವು. ಎರಡೋ ಆರೋ ಎಂಟೋ, ಸಂದರ್ಭಕ್ಕೆ ತಕ್ಕಷ್ಟು. ಫಾಲೌಟ್ ೪ರಲ್ಲಿ ಯಾವಾಗಲೂ ನಾಲ್ಕೇ. ಆಟದ ಕೈಪಿಡಿಯ ಮೇಲಿರುವ ನಾಲ್ಕು ಗುಂಡಿಗಳಿಗೆ ನಾಲ್ಕು. ಅವೂ ವಾಕ್ಯಗಳಲ್ಲ, ಒಂದೆರಡು ಪದಗಳ ಸಂಕೇತಗಳು. ಹೆಚ್ಚಿನ ಕಡೆ ಒಂದು ಒಪ್ಪಿಗೆ, ಒಂದು ನಿರಾಕರಣೆ, ಒಂದು ಪ್ರಶ್ನೆ, ಒಂದು ಕೊಂಕು. 'ಕೊಂಕು' ಎಂಬ ಗುಂಡಿಯನ್ನು ಒತ್ತಿದರೆ ನಾಯಕನ ಬಾಯಿಂದ ಲಘುವಾದ ಹಾಸ್ಯ ಬಂದೀತೋ ಮನಸ್ಸು ನೋಯಿಸುವ ಮಾತು ಬಂದೀತೋ ಒತ್ತುವವರೆಗೆ ತಿಳಿಯದು. 'ಇಲ್ಲ' ಎಂದರೆ ಎಷ್ಟೋ ಸಲ ಅದರ ಅರ್ಥ 'ಈಗ ಬೇಡ, ಆಮೇಲೆ' ಎಂದಷ್ಟೇ. ನಾನು ಆಡಿದ ಮಾತನ್ನು ನಾನೇ ಕೇಳಿ ಬೆಚ್ಚುವಂತಾದರೆ ಆ ಪಾತ್ರ ನನ್ನದು ಹೇಗಾದೀತು? ಈ ಅಸಮಾಧಾನ ನನ್ನೊಬ್ಬನದಲ್ಲ. ಆಟ ಹೊರಬಂದ ಕೆಲವೇ ವಾರಗಳಲ್ಲಿ, ಆ ಸಂಕೇತಗಳ ಬದಲು ಪೂರ್ಣ ವಾಕ್ಯಗಳನ್ನು ತೋರಿಸುವ ಒಂದು ಮಾರ್ಪಾಡನ್ನು ಆಟಗಾರರೇ ತಯಾರಿಸಿ ಹಂಚಿದರು.

ಕೌಶಲಗಳ ಕಥೆಯೂ ಹೀಗೆಯೇ. ಮೊದಲು ೧೮, ಆಮೇಲೆ ೧೩; ಫಾಲೌಟ್ ೪ರಲ್ಲಿ ಒಂದೂ ಇಲ್ಲ. ಅವುಗಳ ಜಾಗದಲ್ಲಿ 'ಪರ್ಕ್' ಎಂಬ ೭೦ ವಿಶೇಷ ಸಾಮರ್ಥ್ಯಗಳ ಒಂದು ಚಿತ್ರಪಟವಿದೆ. ಸಂಖ್ಯೆಯನ್ನು ನೋಡಿದರೆ ಲಾಭವೇ ಆದಂತೆ ಕಾಣುತ್ತದೆ. ಆದರೆ ಇವು ಬಹುಮಟ್ಟಿಗೆ ಕೈಗೆ ಬಲ ಕೊಡುವಂಥವು, ಬಾಯಿಗಲ್ಲ. ನ್ಯೂ ವೇಗಸ್‌ನಲ್ಲಿ ವೈದ್ಯ ಬಲ್ಲವನು ವೈದ್ಯನಂತೆ ಮಾತನಾಡಬಲ್ಲ. ಫಾಲೌಟ್ ೪ರಲ್ಲಿ ವೈದ್ಯದ ಪರ್ಕ್ ಪಡೆದರೆ ಚುಚ್ಚುಮದ್ದಿನಿಂದ ಗಾಯ ಇನ್ನಷ್ಟು ಮಾಯುತ್ತದೆ, ಅಷ್ಟೆ. ಸಂಭಾಷಣೆಯಲ್ಲಿ ಒಲಿಸುವ ಸಂದರ್ಭಗಳೇನೋ ಇವೆ. ಆದರೆ ಹೆಚ್ಚುಕಡಮೆ ಎಲ್ಲವೂ ವರ್ಚಸ್ಸೆಂಬ ಒಂದೇ ಗುಣವನ್ನು ನೆಚ್ಚಿಕೊಂಡಿವೆ, ಫಲವೂ ದಾಳದ ಆಟದಂತೆ. ಮಾತಿನಲ್ಲಿ ಏನಿದೆ ಎಂಬುದಕ್ಕಿಂತ ಅದರ ಬಣ್ಣ ಹಳದಿಯೋ ಕೆಂಪೋ ಎಂಬುದನ್ನು ನೋಡಿ ಗುಂಡಿ ಒತ್ತುತ್ತೇವೆ. ಸಾಲದುದಕ್ಕೆ ನಾಯಕನ ಬೆಳವಣಿಗೆಗೆ ಮಿತಿಯೇ ಇಲ್ಲ; ಸಾಕಷ್ಟು ಕಾಲ ಆಡಿದರೆ ಒಬ್ಬನೇ ಎಲ್ಲವೂ ಆಗಬಹುದು. ಎಲ್ಲವೂ ಆದವನಿಗೆ ತನ್ನದೇ ಆದ ಪಾತ್ರವೆಂಬುದು ಉಳಿಯುವುದು ಕಷ್ಟ.

ಕಥೆಯ ಹೆಣಿಗೆಯೂ ಇದಕ್ಕೆ ಸೇರಿಕೊಂಡಿತು. ನ್ಯೂ ವೇಗಸ್‌ನ ನಾಯಕ ಪತ್ರ, ಸಾಮಾನುಗಳನ್ನು ಮುಟ್ಟಿಸುವವನು ಎಂಬುದರ ಹೊರತು ಅವನ ಪೂರ್ವಕಥೆಯನ್ನು ಆಟ ಹೇಳುವುದು ಅಲ್ಪ. ತುಂಬಿಕೊಳ್ಳುವ ಕೆಲಸ ಆಟಗಾರನದು. ಫಾಲೌಟ್ ೪ರಲ್ಲಿ ನೀವು ವಿವಾಹಿತರು. ಷಾನ್ ಎಂಬ ಹಸುಗೂಸಿನ ತಂದೆ ಅಥವಾ ತಾಯಿ. ಕಣ್ಣೆದುರಿಗೇ ಬಾಳಸಂಗಾತಿಯ ಕೊಲೆಯಾಗುತ್ತದೆ, ಮಗುವಿನ ಅಪಹರಣವಾಗುತ್ತದೆ. ಇಂಥ ದುಃಖ ಹೊತ್ತವರು ಏನು ಮಾಡಬೇಕೆಂಬುದನ್ನು ಮತ್ತೆ ಕೇಳಬೇಕಾಗಿಲ್ಲ. ಆದರೆ ಆಟವೇ ಅದನ್ನು ಮರೆತು, ಹಳ್ಳಿ ಕಟ್ಟು, ಬೇಲಿ ಹಾಕು, ಮತ್ತೊಂದು ಹಳ್ಳಿಗೆ ಸಹಾಯ ಬೇಕಾಗಿದೆ ಎಂದು ಕಳುಹಿಸುತ್ತಿರುತ್ತದೆ. ಕೊನೆಗೆ ಕೆಲಾಗ್ ಎಂಬ ಕೊಲೆಗಾರ ಎದುರಾಗುತ್ತಾನೆ. ಅವನೂ ನೊಂದವನೇ, ಯೋಚಿಸುವವನೇ. ಅವನೊಡನೆ ಮಾತೂ ನಡೆಯುತ್ತದೆ. ಆದರೆ ಏನೇ ಹೇಳಿ, ಹೇಗೇ ಹೇಳಿ, ಆ ಮಾತು ಮುಗಿಯುವುದು ಗುಂಡಿನಲ್ಲಿಯೇ. ಮಾಸ್ಟರನ್ನು ಸತ್ಯವೊಂದರಿಂದ ಗೆದ್ದವನಿಗೆ ಈ ಘಟ್ಟದಲ್ಲಿ ಆಗುವ ಆಶಾಭಂಗವನ್ನು ಊಹಿಸಬಹುದು. ಹಳೆಯ ಆಟಗಳ ಕೊನೆಯಲ್ಲಿ, ನೀವು ಮಾಡಿದ್ದರ ಫಲವಾಗಿ ಯಾವ ಊರು ಏನಾಯಿತೆಂಬುದನ್ನು ಒಂದೊಂದಾಗಿ ಹೇಳುತ್ತಿದ್ದರು. ಇಲ್ಲಿ ಅದೂ ಇಲ್ಲ. ನಾಯಕನ ಸ್ವಗತವೊಂದರಲ್ಲಿ ಕಥೆ ಮುಗಿಯುತ್ತದೆ.

ಹೀಗೇಕಾಯಿತು? ರಚಿಸಿದವರಿಗೆ ಸಾಮರ್ಥ್ಯವಿರಲಿಲ್ಲವೆಂದರೆ ಅನ್ಯಾಯವಾದೀತು. ನನಗೆ ತೋರುವ ಮುಖ್ಯ ಕಾರಣ ನಾಯಕನಿಗೆ ದನಿ ಕೊಟ್ಟದ್ದು. ಈ ಸರಣಿಯ ಮುಖ್ಯ ಆಟಗಳಲ್ಲಿ ನಾಯಕನ ಮಾತು ಅಕ್ಷರಗಳಲ್ಲಿಯೇ ಇರುತ್ತಿತ್ತು. ಅಕ್ಷರದ ಮಾತಿಗೆ ಖರ್ಚು ಕಡಮೆ. ಪೆದ್ದನಿಗೊಂದು, ವೈದ್ಯನಿಗೊಂದು, ಠಕ್ಕನಿಗೊಂದು ಬರೆದರೂ ಹೊರೆಯಾಗದು. ಫಾಲೌಟ್ ೪ರಲ್ಲಿ ಮೊದಲ ಬಾರಿಗೆ ನಾಯಕನ ಪ್ರತಿಯೊಂದು ಮಾತನ್ನೂ ಒಬ್ಬ ನಟ, ಒಬ್ಬ ನಟಿ ಇಬ್ಬರೂ ಆಡಿ ಮುದ್ರಿಸಬೇಕಾಯಿತು. ಒಂದು ಕವಲು ಹೆಚ್ಚಿದರೆ ಎರಡು ಮುದ್ರಣಗಳು ಹೆಚ್ಚುತ್ತವೆ. ಸಹಜವಾಗಿಯೇ ಕವಲುಗಳು ಕಡಮೆಯಾಗುತ್ತವೆ. ಜೊತೆಗೆ ೨೦೦೭ರ 'ಮಾಸ್ ಎಫೆಕ್ಟ್' ಮುಂತಾದ ಆಟಗಳು ದನಿಯುಳ್ಳ ನಾಯಕನನ್ನೂ ಚುಟುಕು ಸಂಕೇತಗಳನ್ನೂ ಜನಪ್ರಿಯಗೊಳಿಸಿದ್ದವು. ಆಟದ ಮುಖ್ಯಸ್ಥರಾದ ಟಾಡ್ ಹಾವರ್ಡ್ ಅವರೇ ೨೦೧೬ರಲ್ಲಿ, ಸಂಭಾಷಣೆಯ ಕ್ರಮ ಅಂದುಕೊಂಡಷ್ಟು ಚೆನ್ನಾಗಿ ಕೈಗೂಡಲಿಲ್ಲವೆಂದು ಒಪ್ಪಿಕೊಂಡರು.

ಫಾಲೌಟ್ ೪ರ ಗುಣಗಳನ್ನು ಮರೆಮಾಚುವುದು ವಿಮರ್ಶೆಯಾಗದು. ಬಂದೂಕಿನ ಕಾಳಗ ಹಿಂದಿನ ಎರಡಕ್ಕಿಂತ ಎಷ್ಟೋ ನಯವಾಗಿದೆ. ಯಂತ್ರಕವಚಕ್ಕೆ ಮೊದಲ ಬಾರಿಗೆ ನಿಜವಾದ ತೂಕ ಬಂದಿದೆ. ಕಸವೆಂದು ಬಿಸಾಡುತ್ತಿದ್ದ ಹಳೆಯ ಫ್ಯಾನು, ಡಬ್ಬಿ, ಗಡಿಯಾರಗಳಿಗೂ ಉಪಯೋಗ ದೊರಕಿದೆ. ನಿಕ್ ವ್ಯಾಲಂಟೈನ್ ಎಂಬ ಯಂತ್ರಮಾನವ ಪತ್ತೇದಾರ ಈ ಸರಣಿಯ ಅತ್ಯುತ್ತಮ ಪಾತ್ರಗಳಲ್ಲಿ ಒಬ್ಬ. ಹೊರಬಂದ ಮೊದಲ ಇಪ್ಪತ್ತನಾಲ್ಕು ಗಂಟೆಗಳಲ್ಲಿ ೧ ಕೋಟಿ ೨೦ ಲಕ್ಷ ಪ್ರತಿಗಳನ್ನು ಅಂಗಡಿಗಳಿಗೆ ಕಳುಹಿಸಿರುವುದಾಗಿ ಪ್ರಕಾಶಕರು ಪ್ರಕಟಿಸಿದರು. ಇಷ್ಟು ಜನರನ್ನು ಸೆಳೆದದ್ದು ಸುಮ್ಮನೆ ಅಲ್ಲ. ನನ್ನ ವಾದಕ್ಕೆ ಅತ್ಯುತ್ತಮ ಸಾಕ್ಷಿಯೂ ಆ ಆಟದಲ್ಲಿಯೇ ಇದೆ. ಗುಡ್‌ನೇಬರ್ ಎಂಬಲ್ಲಿ ಕೆಂಟ್ ಕಾನಲಿ ಎಂಬೊಬ್ಬ 'ಸಿಲ್ವರ್ ಷ್ರೌಡ್' ಎಂಬ ಹಳೆಯ ರೇಡಿಯೋ ನಾಟಕದ ಭಕ್ತ. ಅವನ ಮಾತಿಗೆ ಒಪ್ಪಿ ನೀವು ಆ ನಾಟಕದ ನಾಯಕನ ಉಡುಪನ್ನು ತೊಟ್ಟು ದುಷ್ಟರನ್ನು ಶಿಕ್ಷಿಸಲು ಹೊರಡುತ್ತೀರಿ. ಉಡುಪು ಮೈಮೇಲಿದ್ದರೆ ರೇಡಿಯೋ ನಾಟಕದ ಆಡಂಬರದ ಧಾಟಿಯಲ್ಲಿ ಮಾತನಾಡಲು ಅವಕಾಶವುಂಟು. ಕೇಳಿದವರು ತಬ್ಬಿಬ್ಬಾಗುತ್ತಾರೆ, ಕೆಲವರು ನಗುತ್ತಾರೆ. ನಟರ ದನಿಯೂ ಇಲ್ಲಿ ಕಳೆಗಟ್ಟುತ್ತದೆ. ವೇಷ, ಮಾತು, ಅದಕ್ಕೆ ತಕ್ಕ ಉತ್ತರ ಮೂರೂ ಕೂಡಿಬಂದ ಈ ಭಾಗವನ್ನು ಆಡುವಾಗ, ಇಡೀ ಆಟವೇ ಹೀಗಿದ್ದಿದ್ದರೆ ಎಂದು ಅನ್ನಿಸದಿರದು.

ಹಳೆಯದೆಲ್ಲ ಚಿನ್ನ ಎಂಬ ಮೋಹವೇ ಇದು ಎಂದು ಕೆಲವು ಮಿತ್ರರು ಆಕ್ಷೇಪಿಸುವುದುಂಟು. ಮೊದಲನೆಯ ಫಾಲೌಟ್ ಬಂದಾಗ ನಾನು ಹುಟ್ಟಿಯೇ ಇರಲಿಲ್ಲ; ಆದುದರಿಂದ ಬಾಲ್ಯದ ನೆನಪಿನ ಮೋಹ ನನಗೆ ಅಂಟಿದ್ದಲ್ಲ. ಆ ಹಳೆಯ ಆಟದ ಚಿತ್ರಗಳು ಇಂದಿನ ಕಣ್ಣಿಗೆ ಒರಟು. ಸಾಮಾನಿನ ಚೀಲವನ್ನು ನಿಭಾಯಿಸುವುದೇ ಒಂದು ಶಿಕ್ಷೆ. ಜೊತೆಗಾರ ಇಯಾನ್ ಶತ್ರುವಿಗೆ ಗುರಿಯಿಟ್ಟು ನಮ್ಮ ಬೆನ್ನಿಗೆ ಹೊಡೆಯುತ್ತಾನೆ. ಇವಕ್ಕಾಗಿ ಅದನ್ನು ಯಾರೂ ಪ್ರೀತಿಸುವುದಿಲ್ಲ. ಇಷ್ಟೆಲ್ಲ ತೊಂದರೆಗಳಿದ್ದೂ ಪ್ರೀತಿಸುವಂತೆ ಮಾಡಿದ್ದು ಯಾವುದೋ ಅದನ್ನು ಹೊಸ ಆಟ ಕೈಬಿಟ್ಟಿತು. ನನ್ನ ದೂರು ಇಷ್ಟೆ. ಕಾಲಕ್ಕೆ ತಕ್ಕಂತೆ ಬದಲಾಗಬೇಕಲ್ಲವೆ ಎಂಬ ಮಾತಿಗೂ ಉತ್ತರವಿದೆ. ನ್ಯೂ ವೇಗಸ್ ಎಷ್ಟೋ ಬದಲಾಗಿತ್ತು: ನೋಟ ಹೊಸದು, ಕಾಳಗ ಹೊಸದು, ಊರು ಹೊಸದು. ಆದರೂ ಅದರ ಕೊನೆಯ ಯುದ್ಧದಲ್ಲಿ, ಹೂವರ್ ಅಣೆಕಟ್ಟಿನ ಬಳಿ, ಲೇನಿಯಸ್ ಎಂಬ ಭೀಕರ ಸೇನಾಪತಿಯನ್ನು, ಗೆದ್ದ ನಾಡನ್ನು ಉಳಿಸಿಕೊಳ್ಳುವುದು ಅವನ ಸೈನ್ಯದ ಶಕ್ತಿಗೆ ಮೀರಿದ್ದೆಂದು ಮನಗಾಣಿಸಿ ಹಿಂದಕ್ಕೆ ಕಳುಹಿಸಬಹುದು. ವೇಷ ಬದಲಾದರೂ ಜೀವ ಹೋಗಿರಲಿಲ್ಲ.

ಮುಂದಿನ ಸಂಗತಿಗಳು ಈ ಅಭಿಪ್ರಾಯವನ್ನು ಬಲಪಡಿಸುತ್ತವೆ. ೨೦೧೬ರ ಮೇ ತಿಂಗಳಲ್ಲಿ ಫಾಲೌಟ್ ೪ಕ್ಕೆ 'ಫಾರ್ ಹಾರ್ಬರ್' ಎಂಬ ಪುರವಣಿ ಬಂದಿತು. ಮಂಜು ಕವಿದ ಒಂದು ದ್ವೀಪ, ಪರಸ್ಪರ ನಂಬಿಕೆಯಿಲ್ಲದ ಮೂರು ಪಂಗಡಗಳು. ಅವರನ್ನು ಒಬ್ಬರಿಂದೊಬ್ಬರು ನಾಶವಾಗಲು ಬಿಡಬಹುದು, ಅಥವಾ ಸಂದೇಹಾಸ್ಪದವಾದ ಒಂದು ಉಪಾಯದಿಂದ ಶಾಂತಿ ತರಬಹುದು. ನಾಲ್ಕು ಗುಂಡಿಗಳು ಅಲ್ಲಿಯೂ ಇದ್ದವು. ಆದರೆ ಅವುಗಳ ಹಿಂದಿನ ಆಯ್ಕೆಗಳಿಗೆ ಭಾರ ಬಂದಿತ್ತು. ೨೦೧೮ರಲ್ಲಿ ಬಂದ ಫಾಲೌಟ್ ೭೬ ಮಾತ್ರ ಎದುರು ದಿಕ್ಕಿಗೆ ನಡೆಯಿತು. ಅನೇಕರು ಕೂಡಿ ಆಡುವ ಆ ಆಟದಲ್ಲಿ, ಆಟಗಾರರನ್ನು ಬಿಟ್ಟರೆ ಮಾತನಾಡಿಸಲು ಒಬ್ಬ ಮನುಷ್ಯನೂ ಇರಲಿಲ್ಲ. ಇದ್ದದ್ದು ಯಂತ್ರಗಳು, ಸತ್ತವರ ಧ್ವನಿಮುದ್ರಣಗಳು. ಜನರ ಅತೃಪ್ತಿ ಬಲವಾಗಿತ್ತು. ೨೦೨೦ರ ಏಪ್ರಿಲಿನಲ್ಲಿ ಆ ಲೋಕಕ್ಕೆ ಮನುಷ್ಯರನ್ನು ಮರಳಿ ತಂದರು. ಅವರೊಂದಿಗೆ ಪೂರ್ಣ ವಾಕ್ಯಗಳ ಪಟ್ಟಿಯೂ, ಬಲ, ಬುದ್ಧಿ ಮೊದಲಾದ ಗುಣಗಳನ್ನು ಕೇಳುವ ಮಾತುಗಳೂ ಮರಳಿದವು. ನಾಯಕ ಮತ್ತೆ ಮೌನಿಯಾಗಿದ್ದ. ಬೇರೊಂದು ಹಳೆಯ ಸರಣಿಯ ಮೂರನೆಯ ಆಟವಾದ 'ಬಾಲ್ಡರ್ಸ್ ಗೇಟ್ ೩' ೨೦೨೩ರಲ್ಲಿ ಬಂದಿತು. ಅದರಲ್ಲಿಯೂ ಆಟಗಾರನ ಮಾತು ಪಟ್ಟಿಯ ಪೂರ್ಣ ವಾಕ್ಯಗಳಲ್ಲಿದೆ. ಕುಲ, ವೃತ್ತಿಗಳಿಗೆ ತಕ್ಕಂತೆ ಬೇರೆ ಬೇರೆ. ಆ ವರ್ಷದ ಅತ್ಯುತ್ತಮ ಆಟವೆಂಬ ಗೌರವ ಅದಕ್ಕೆ ದೊರೆಯಿತು, ಮಾರಾಟವೂ ಭರದಿಂದ ನಡೆಯಿತು. ಮಾತು ಹೆಚ್ಚಾದರೆ ಜನ ಓಡಿಹೋಗುತ್ತಾರೆಂಬ ಭಯಕ್ಕೆ ಆಧಾರವಿಲ್ಲವೆಂದು ಇದರಿಂದ ತಿಳಿಯುತ್ತದೆ.

ಆಟದ ವಿಷಯಕ್ಕೆ ಇಷ್ಟೊಂದು ಯೋಚನೆ ಬೇಕೆ ಎಂದು ಹಿರಿಯರು ಕೇಳಬಹುದು. ಇಂದು ನಮ್ಮ ವಯಸ್ಸಿನ ಎಷ್ಟೋ ಜನ ಕಥೆಗಳನ್ನು ಮೊದಲು ಎದುರುಗೊಳ್ಳುವುದು ಇಂಥ ಆಟಗಳಲ್ಲಿಯೇ. ಅಲ್ಲಿ ಎದುರಾಳಿಗೂ ಒಂದು ವಾದವಿದೆ, ಅದನ್ನು ಕೇಳಬೇಕು, ಸಾಕ್ಷ್ಯ ತಂದು ಉತ್ತರಿಸಬೇಕು ಎಂಬ ಅಭ್ಯಾಸವಾಗುವುದೋ, ಅಥವಾ ಒಪ್ಪಿಗೆ, ನಿರಾಕರಣೆ, ಪ್ರಶ್ನೆ, ಕೊಂಕು ಎಂಬ ನಾಲ್ಕರಲ್ಲಿ ಒಂದನ್ನು ಒತ್ತಿ ಕಡೆಗೆ ಬಂದೂಕನ್ನೆತ್ತುವ ಅಭ್ಯಾಸವಾಗುವುದೋ ಎಂಬುದು ಉಪೇಕ್ಷಿಸತಕ್ಕ ವಿಷಯವಲ್ಲ. ಫಾಲೌಟಿನ ಮುಂದಿನ ಆಟವನ್ನು ನಾನೂ ಕುತೂಹಲದಿಂದ ಕಾಯುವವನೇ. ಅದರ ಭೂಪಟ ಫಾಲೌಟ್ ೪ರ ಅರ್ಧದಷ್ಟೇ ಇದ್ದರೂ ಚಿಂತೆಯಿಲ್ಲ. ಅಲ್ಲಿಯ ಜನ ನಾನು ಹೇಳುವುದನ್ನು ಕೇಳಿಸಿಕೊಂಡು ಉತ್ತರ ಕೊಡುವವರಾಗಿದ್ದರೆ ಸಾಕು. ಆಸಕ್ತಿಯುಳ್ಳ ಸಹಪಾಠಿಗಳು ಸರಣಿಯ ಯಾವುದಾದರೊಂದು ಆಟದಿಂದ ಆರಂಭಿಸಬಯಸಿದರೆ ನ್ಯೂ ವೇಗಸ್‌ನಿಂದ ಆರಂಭಿಸಲಿ. ಗುಡ್‌ಸ್ಪ್ರಿಂಗ್ಸಿನಲ್ಲಿ ಮೊದಲು ಊರಿನವರ ಪರವಾಗಿ, ಆಮೇಲೆ ಹೊಸದಾಗಿ ಆರಂಭಿಸಿ ಕೈದಿಗಳ ಪರವಾಗಿ ಆಡಿ ನೋಡಲಿ. ನಾನು ಇಲ್ಲಿ ಹೇಳಿದ್ದು ಸರಿಯೋ ಅಲ್ಲವೋ ಎಂಬುದನ್ನು ಅವರೇ ನಿರ್ಣಯಿಸಬಹುದು.